ಪಾಠದ ವೇಳೆ ತಿನ್ನುವ ಸೆಟ್ಟಿಂಗು

ಶಾಲೆಯ ಗೋಡೆ ಗಡಿಯಾರ ಕಳುವಾದರೆ ಮುಖ್ಯೋಪಾಧ್ಯಾಯರು ಪೊಲೀಸ್ ಠಾಣೆಗೆ ಹೋಗುತ್ತಾರೆ, ಸ್ಟಾಕ್ ರಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಷರಾ ಬರೆಯುತ್ತಾರೆ, ಸಭೆ ಸೇರುತ್ತದೆ, ಜವಾನನ ವಿಚಾರಣೆಯೂ ಆಗುತ್ತದೆ. ಆ ಗಡಿಯಾರ ತೋರಿಸುವ ವೇಳೆ ಕಳುವಾದರೆ ಮಾತ್ರ ಯಾರೂ ಎಲ್ಲಿಗೂ ಹೋಗುವುದಿಲ್ಲ. ವೇಳೆಗೆ ಸ್ಟಾಕ್ ರಜಿಸ್ಟರಿಲ್ಲ. ನಮ್ಮ ಪ್ರೌಢಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿ ವಾರಕ್ಕೆ ಎರಡು ಸಲ ನಡೆಯುವ ಇಂಥದೊಂದು ಕಳ್ಳತನದ ಬಗ್ಗೆ ನಾಲ್ಕು ಮಾತು ಬರೆಯಬೇಕಾಗಿದೆ. ಆ ಕಳ್ಳನ ಹೆಸರು ಸೆಟ್ಟಿಂಗು.

ನಾನು ಬಿ.ಎ., ಬಿ.ಇಡಿ. ಓದಿದವಳು. ಭಾಲ್ಕಿ, ಔರಾದ ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳುತ್ತ ತಲೆಗೂದಲು ಬೆಳ್ಳಗಾದವಳು. ಮನೆ ಬೀದರ ನಗರದಲ್ಲಿ, ದಿನಾ ಬಸ್ಸಿನ ಓಡಾಟ. ಕಂಪ್ಯೂಟರು ನನ್ನ ವಿಷಯವಲ್ಲ. ಆದರೆ ಮಕ್ಕಳು ಕನ್ನಡವನ್ನು ಎಲ್ಲಿ ಬರೆದರೂ ಅದು ನನ್ನ ವಿಷಯವೇ. ಹಲಗೆಯ ಮೇಲೆ ಬರೆದರೆ ಮಾತ್ರ ನನ್ನದು, ಪರದೆಯ ಮೇಲೆ ಬರೆದರೆ ಬೇರೆಯವರದು ಎಂದು ಗಡಿ ಹಾಕಿಕೊಳ್ಳಲು ನಾನು ತಯಾರಿಲ್ಲ.

ಸಂಗತಿ ಇಷ್ಟೆ. ನಾನು ಪಾಠ ಹೇಳಿದ ಒಂದು ಶಾಲೆಯಲ್ಲಿ ಹತ್ತು ಕಂಪ್ಯೂಟರುಗಳಿವೆ. ಮಕ್ಕಳು ಏನಾದರೂ ಕೆಡಿಸಿಯಾರು ಎಂಬ ಭಯಕ್ಕೆ, ಯಂತ್ರ ಆರಿಸಿ ಹಚ್ಚಿದೊಡನೆ ಎಲ್ಲವನ್ನೂ ಮೊದಲಿದ್ದ ಸ್ಥಿತಿಗೆ ತರುವ ಒಂದು ತಂತ್ರಾಂಶವನ್ನು ಅವುಗಳಲ್ಲಿ ಕೂರಿಸಿದ್ದಾರೆ. ಭಯ ಸುಳ್ಳಲ್ಲ, ಉಪಾಯವೂ ಕೆಟ್ಟದ್ದಲ್ಲ. ಆದರೆ ಆ ‘ಮೊದಲಿದ್ದ ಸ್ಥಿತಿ’ಯಲ್ಲಿ ಕನ್ನಡ ಇರಲಿಲ್ಲ. ಯಂತ್ರ ಒದಗಿಸಿದವರು ಹೇಗೆ ಪೆಟ್ಟಿಗೆಯಿಂದ ತೆಗೆದರೋ ಹಾಗೆಯೇ ಬೀಗ ಹಾಕಿ ಹೋದರು. ಕೀಲಿಮಣೆ ಇಂಗ್ಲಿಷು. ದಿನಾಂಕ ಅಮೆರಿಕದ ರೀತಿ, ತಿಂಗಳು ಮೊದಲು, ದಿನ ಆಮೇಲೆ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಕಣ್ಣು ಮುಚ್ಚಿ ಮಲಗುತ್ತದೆ. ಪ್ರತಿ ಪೀರಿಯಡ್ಡಿಗೂ ಈ ಮೂರನ್ನು ತಿದ್ದಬೇಕು. ಬೀಗ ತೆಗೆದು ಒಂದೇ ಸಲ ಸರಿಪಡಿಸಿ ಮತ್ತೆ ಬೀಗ ಹಾಕುವುದೇ ನಿಜವಾದ ಪರಿಹಾರವೆಂದು ನನಗೂ ಗೊತ್ತು. ಆ ಬೀಗದ ಪಾಸ್‌ವರ್ಡು ಯಂತ್ರ ಒದಗಿಸಿದವರ ಕೈಲಿದೆ. ಫೋನು ಮಾಡಿದರೆ, “ಬರ್ತೀನ್ರಿ ಮೇಡಂ, ಈ ವಾರದಾಗ ಬರ್ತೀನಿ” ಎನ್ನುತ್ತಾರೆ. ಆ ವಾರ ಇನ್ನೂ ಬಂದಿಲ್ಲ.

ಈಗ ನಮ್ಮ ಕಸುಬಿನ ಒಂದು ಲೆಕ್ಕ ಮಾಡೋಣ. ಒಂದು ಯಂತ್ರದಲ್ಲಿ ಮೂರು ಸೆಟ್ಟಿಂಗು ತಿದ್ದಲು ಒಂದೂವರೆ ನಿಮಿಷ. ಅದೂ ದಾರಿ ಗೊತ್ತಿದ್ದವರಿಗೆ. ಮೆನು, ಅದರೊಳಗೊಂದು ಬಾಗಿಲು, ಅದರೊಳಗೆ ಇನ್ನೊಂದು, ಎಲ್ಲವೂ ಇಂಗ್ಲಿಷಿನಲ್ಲಿ. ಮಕ್ಕಳಿಗೇ ಬಿಟ್ಟರೆ ಒಬ್ಬಳು ಎರಡನೆಯ ಬಾಗಿಲಲ್ಲಿ ನಿಂತಿರುತ್ತಾಳೆ, ಇನ್ನೊಬ್ಬ ಬೇರೆ ಮನೆಗೇ ಹೋಗಿರುತ್ತಾನೆ. ಕಡೆಗೆ ಬಾಯಿಯವರೇ ಯಂತ್ರದಿಂದ ಯಂತ್ರಕ್ಕೆ ಓಡಬೇಕು. ಹತ್ತು ಯಂತ್ರಕ್ಕೆ 15 ನಿಮಿಷ. ಪೀರಿಯಡ್ಡು 40 ನಿಮಿಷ. ವಾರಕ್ಕೆ ಎರಡು ಪೀರಿಯಡ್ಡು. ರಜೆ, ಪರೀಕ್ಷೆ, ಜಯಂತಿ ಎಲ್ಲ ಕಳೆದು ವರ್ಷಕ್ಕೆ 30 ವಾರ ಪಾಠ ನಡೆಯುತ್ತದೆ ಎಂದಿಟ್ಟುಕೊಳ್ಳಿ. 15ನ್ನು 60ರಿಂದ ಗುಣಿಸಿದರೆ 900 ನಿಮಿಷ, ಅಂದರೆ 15 ತಾಸು, ಅಂದರೆ ಇಪ್ಪತ್ತೆರಡೂವರೆ ಪೀರಿಯಡ್ಡು. ನಡುವೆ ಕರೆಂಟು ಹೋದ ದಿನಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಕರೆಂಟು ಬಂದ ಮೇಲೆ ಎಲ್ಲವೂ ಮತ್ತೆ ಮೊದಲಿನಿಂದ ಶುರು.

“ಹತ್ತು ಹದಿನೈದು ನಿಮಿಷದಾಗ ಏನ್ ಗಂಟು ಹೋಗ್ತದ್ರಿ?” ಎಂದು ಕೇಳುವವರಿದ್ದಾರೆ. ಯಾರ ಗಂಟು ಎಂಬುದನ್ನು ಮೊದಲು ನೋಡಬೇಕು. ನಗರದ ಮಕ್ಕಳಿಗೆ ಮನೆಯಲ್ಲಿ ಲ್ಯಾಪ್‌ಟಾಪು ಇದ್ದೀತು. ಔರಾದ ತಾಲ್ಲೂಕಿನ ಹಳ್ಳಿಯ ಹುಡುಗಿಗೆ ಕೀಲಿಮಣೆಯ ಮೇಲೆ ಬೆರಳಿಡಲು ಇಡೀ ವಾರದಲ್ಲಿ ಸಿಗುವುದು ಈ 80 ನಿಮಿಷ ಮಾತ್ರ. ಹುಡುಗರಾದರೆ ಭಾಲ್ಕಿಗೋ ಔರಾದಕ್ಕೋ ಹೋದಾಗ ಯಾವುದಾದರೂ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಬಂದಾರು. ಹುಡುಗಿಯರು ಸಂಜೆಯ ಬಸ್ಸು ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ತಾಲ್ಲೂಕು ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ಅಂಟಿಕೊಂಡದ್ದು. ನನ್ನ ತರಗತಿಯಲ್ಲಿ ಮನೆಯೊಳಗೆ ಮರಾಠಿ ಆಡುವವರು, ಲಂಬಾಣಿ ಆಡುವವರು, ಉರ್ದು, ತೆಲುಗು ಆಡುವವರು ಎಲ್ಲರೂ ಇದ್ದಾರೆ. ಅವರಿಗೆ ಕನ್ನಡ ಶಾಲೆಯಲ್ಲಿ ಸಿಗುವ ಭಾಷೆ. ಶಾಲೆಯಲ್ಲೂ ಅದು ಹದಿನೈದು ನಿಮಿಷ ತಡವಾಗಿ ಬಂದರೆ ಮತ್ತೆಲ್ಲಿ ಸಿಗಬೇಕು?

ದಿನಾಂಕದ ವಿಷಯವೂ ಸಣ್ಣದಲ್ಲ. ಅದೇ ಯಂತ್ರಗಳಲ್ಲಿ ನಾವು ಮಕ್ಕಳ ಪಟ್ಟಿ ತಯಾರಿಸುತ್ತೇವೆ. ತಿಂಗಳು ಮೊದಲು ಎಂದು ತಿಳಿದುಕೊಂಡಿರುವ ಯಂತ್ರಕ್ಕೆ 3/8 ಎಂದು ಬರೆದರೆ ಆಗಸ್ಟ್ 3ರಂದು ಹುಟ್ಟಿದ ಮಗು ಮಾರ್ಚ್ 8ರಂದು ಹುಟ್ಟಿದಂತಾಗುತ್ತದೆ. ಯಂತ್ರ ಕೆಮ್ಮುವುದೂ ಇಲ್ಲ. 23/8 ಎಂದು ಬರೆದರೆ ಇಪ್ಪತ್ಮೂರನೆಯ ತಿಂಗಳು ಇಲ್ಲವಾದ್ದರಿಂದ ಅದನ್ನು ದಿನಾಂಕವೆಂದು ಎಣಿಸದೆ ಬರೀ ಅಕ್ಷರವೆಂದು ಬಿಟ್ಟುಬಿಡುತ್ತದೆ. ಹೀಗೆ ಒಂದೇ ಪಟ್ಟಿಯಲ್ಲಿ ಕೆಲವು ಮಕ್ಕಳ ಹುಟ್ಟಿದ ದಿನ ಅದಲುಬದಲಾಗಿ, ಕೆಲವರದು ಸರಿಯಾಗಿಯೇ ಕಾಣುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೇಲಿನ ಜನ್ಮದಿನಾಂಕ ನೌಕರಿಯಿಂದ ನಿವೃತ್ತಿಯವರೆಗೆ ಬೆನ್ನಿಗೆ ಬರುತ್ತದೆ. ಒಮ್ಮೆ ತಪ್ಪು ಅಚ್ಚಾದರೆ ತಿದ್ದಿಸಲು ಬಡ ತಂದೆತಾಯಿ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತುತ್ತಾರೆಂದು ಕಂಡವರಿಗೇ ಗೊತ್ತು.

ಇದಕ್ಕೆ ನಾವು ಮಾಡಿದ್ದು ದೊಡ್ಡ ಶೋಧವೇನಲ್ಲ. ನಾನು ಮತ್ತು ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಸೇರಿ ನೋಟ್‌ಪ್ಯಾಡಿನಲ್ಲಿ ಎಂಟು ಸಾಲು ಬರೆದೆವು. ಕೈಯಿಂದ ಬಾಗಿಲು ಬಾಗಿಲು ತೆಗೆದು ಮಾಡುವ ಕೆಲಸವನ್ನೇ ಯಂತ್ರಕ್ಕೆ ಅದರ ಮಾತಿನಲ್ಲಿ ಹೇಳುವ ಸಾಲುಗಳು ಅವು. ಒಂದು ಸಾಲು, ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸು ಎನ್ನುತ್ತದೆ; ಕನ್ನಡಕ್ಕೆ ಅಲ್ಲಿ ‘ಕೆ ಎನ್’ ಎಂಬ ಎರಡಕ್ಷರದ ಗುರುತು. ಇನ್ನೊಂದು, ದಿನ ಮೊದಲು, ತಿಂಗಳು ಆಮೇಲೆ, ವರ್ಷ ಕಡೆಗೆ ಎನ್ನುತ್ತದೆ. ಮತ್ತೊಂದು, ಪರದೆಯನ್ನು ಮಲಗಿಸಬೇಡ ಎನ್ನುತ್ತದೆ. ಉಳಿದವುಗಳಲ್ಲಿ ‘ರೆಮ್’ ಎಂದು ಶುರುವಾಗುವ ಸಾಲುಗಳಿವೆ. ಅವನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂದೆ ಓದುವ ಮನುಷ್ಯರಿಗಾಗಿ ಇಟ್ಟದ್ದು. ಅಲ್ಲಿ ಹುಡುಗಿಯರು ಯಾವ ಸಾಲು ಏನು ಮಾಡುತ್ತದೆಂದು ಅಚ್ಚಗನ್ನಡದಲ್ಲಿ ಬರೆದಿದ್ದಾರೆ. ಫೈಲಿನ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ‘ಬ್ಯಾಟ್’ ಎಂದು ಸೇರಿಸಿ, ಬೀಗದ ತಂತ್ರಾಂಶ ಮುಟ್ಟದ ಡಿ ಡ್ರೈವಿನಲ್ಲಿಟ್ಟೆವು. ಈಗ ಪೀರಿಯಡ್ಡು ಶುರುವಾದೊಡನೆ ಪ್ರತಿ ಮಗು ತನ್ನ ಯಂತ್ರದಲ್ಲಿ ಅದರ ಮೇಲೆ ಎರಡು ಸಲ ಒತ್ತುತ್ತದೆ. ಅರ್ಧ ನಿಮಿಷದಲ್ಲಿ ಹತ್ತೂ ಯಂತ್ರಗಳು ಕನ್ನಡಕ್ಕೆ ಬಂದು ನಿಲ್ಲುತ್ತವೆ.

ಇದು ಹೊಸದೂ ಅಲ್ಲ. ಬ್ಯಾಚ್ ಫೈಲು 1981ರ ಡಾಸ್ ಕಾಲದಿಂದ ಇದೆ. 1990ರ ದಶಕದ ಮೊದಲಲ್ಲಿ ಕಪ್ಪು ಪರದೆಯ ಮುಂದೆ ಕೂತು ಕಂಪ್ಯೂಟರು ಕಲಿತವರಿಗೆ ‘ಆಟೋಎಕ್ಸೆಕ್’ ಎಂಬ ಫೈಲಿನ ಪರಿಚಯ ಇದ್ದೇ ಇರುತ್ತದೆ. ಯಂತ್ರ ಏಳುತ್ತಲೇ ಮಾಡಬೇಕಾದ ಕೆಲಸಗಳ ಪಟ್ಟಿ ಅದು. ಅದಕ್ಕೂ ಹಿಂದೆ, 1804ರ ಸುಮಾರಿಗೆ, ಫ್ರಾನ್ಸಿನ ಜಕಾರ್ಡ್ ಎಂಬಾತ ತೂತು ಕೊರೆದ ರಟ್ಟಿನ ಹಾಳೆಗಳಿಂದ ಮಗ್ಗಕ್ಕೆ ಚಿತ್ತಾರ ಹೇಳಿಕೊಟ್ಟಿದ್ದ. ಒಮ್ಮೆ ಹೇಳಿಟ್ಟರೆ ಎಷ್ಟು ಸಲವಾದರೂ ಬೇಸರವಿಲ್ಲದೆ ಮಾಡುವುದೇ ಯಂತ್ರದ ಜಾತಿಗುಣ. ಆಮೇಲೆ ಮೌಸು ಬಂತು, ಚಿತ್ರಗಳು ಬಂದವು, ಒತ್ತುವುದು ಸುಲಭವಾಯಿತು. ಸುಲಭವಾದದ್ದಕ್ಕೆ ನನ್ನ ತಕರಾರಿಲ್ಲ. ಒತ್ತುವುದೊಂದೇ ಕಂಪ್ಯೂಟರ್ ಜ್ಞಾನ ಎಂದು ನಂಬಿಸಿದ್ದಕ್ಕೆ ನನ್ನ ತಕರಾರು. ಒಂದೇ ಕೆಲಸವನ್ನು ಸಾವಿರ ಸಲ ಮಾಡುವುದಕ್ಕೆಂದೇ ಹುಟ್ಟಿದ ಯಂತ್ರದ ಮುಂದೆ ಮನುಷ್ಯರನ್ನು ಕೂರಿಸಿ, ಅದೇ ಕೆಲಸವನ್ನು ಅವರಿಂದ ಸಾವಿರ ಸಲ ಮಾಡಿಸುತ್ತಿದ್ದೇವೆ. ಎತ್ತಿನ ಕೊರಳಿಂದ ನೊಗ ತೆಗೆದು ನಾವೇ ಹೊತ್ತುಕೊಂಡು, ಎತ್ತನ್ನು ನೆರಳಿಗೆ ಕಟ್ಟಿದ ಹಾಗೆ.

ಇಷ್ಟಾದರೂ ಆ ಎಂಟು ಸಾಲಿಗೆ ಬಂದ ವಿರೋಧ ನೋಡಿದರೆ ನಾನೇನೋ ಶಾಲೆಯ ಖಜಾನೆಗೆ ಕೈ ಹಾಕಿದೆನೆಂದು ತಿಳಿಯಬೇಕು. ತಪಾಸಣೆಗೆ ಬಂದ ಒಬ್ಬ ಸಾಹೇಬರು, “ಇದು ವೈರಸ್ಸೇನಮ್ಮಾ?” ಎಂದರು. ಅಲ್ಲ ಎಂದೆ, ಸಾಲು ಸಾಲಾಗಿ ಓದಿ ತೋರಿಸಿದೆ. “ಇರಲಿ, ಯಾಕೆ ಬೇಕು, ತೆಗೆದುಬಿಡಿ” ಎಂದರು. ಓದದೆಯೇ ಹೆದರುವುದು, ಓದಿ ತೋರಿಸಿದರೂ ಹೆದರುವುದು, ಇವೆರಡರಲ್ಲಿ ಎರಡನೆಯದಕ್ಕೆ ಔಷಧವಿಲ್ಲ. ಸಹೋದ್ಯೋಗಿಯೊಬ್ಬರು, “ಬಾಯಿ, ನೀವು ಕನ್ನಡ ಹೇಳೋರು, ನಿಮಗ್ಯಾಕ ಬೇಕು ಈ ಉಸಾಬರಿ?” ಎಂದು ಕನಿಕರ ತೋರಿದರು. ಯಂತ್ರದಲ್ಲಿ ಕನ್ನಡ ಬಾರದಿದ್ದರೆ ಅದು ಕನ್ನಡದವರ ಉಸಾಬರಿಯಲ್ಲದೆ ಗಣಿತದವರದೇ?

ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪಣೆ ಕಾಯಕದ ಹೆಸರಿನಲ್ಲಿ ಬಂತು. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಕಾಯಕದ ಮಾತು ನಮಗೆ ಹಾಲಿನ ಜೊತೆ ಬಂದದ್ದು. “ಕೈಯಿಂದ ಮಾಡೋದರಾಗೇ ಪುಣ್ಯ ಅದ, ಮಕ್ಕಳಿಗೆ ಮೈಗಳ್ಳತನ ಕಲಿಸಬ್ಯಾಡ್ರಿ” ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ಅವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ: ಕಾಯಕ ಎಂದರೆ ಫಲವಿರುವ ದುಡಿಮೆ. ನೇಯುವವನ ಕಾಯಕದಿಂದ ಬಟ್ಟೆಯಾಯಿತು, ಅಗಸನ ಕಾಯಕದಿಂದ ಮಡಿಯಾಯಿತು. ನಾನು ಹತ್ತು ಯಂತ್ರಗಳ ಸುತ್ತ ಓಡಿ ಸೆಟ್ಟಿಂಗು ತಿದ್ದಿದ್ದರಿಂದ ಏನಾಯಿತು? ಮರುದಿನ ಅದು ಅಲ್ಲಿಗೇ ಬಂದು ನಿಂತಿತು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಂದಲ್ಲಿಗೇ ಹಿಂದಿರುಗಿಸಿ ಬರಲು ಹೇಳಿದ ಕಥೆಯನ್ನು ನಾವೇ ಮಕ್ಕಳಿಗೆ ಹೇಳುತ್ತೇವೆ. ಬೇಕಾದ್ದಕ್ಕಿಂತ ಹೆಚ್ಚು ವೇಳೆ ತೆಗೆದುಕೊಳ್ಳುವುದೂ ಹಾಗೆಯೇ ಅಲ್ಲವೇ? ಆ 15 ನಿಮಿಷ ಮಕ್ಕಳದು, ಅದನ್ನು ಹಿಂದಿರುಗಿಸಬೇಕು.

ಯಂತ್ರ ಬಂದರೆ ಕೈಯ ಬೆಲೆ ಹೋಗುತ್ತದೆ ಎನ್ನುವವರು ಬೀದರಿನ ಬಿದ್ರಿ ಕುಶಲಕರ್ಮಿಗಳ ಬಳಿ ಹತ್ತು ನಿಮಿಷ ನಿಂತು ನೋಡಬೇಕು. ಸತುವು, ತಾಮ್ರದ ಎರಕ ಹೊಯ್ದ ಪಾತ್ರೆಯ ಮೈಯನ್ನು ನುಣುಪು ಮಾಡಲು ಇಂದು ಅವರು ಯಂತ್ರವನ್ನು ಬಳಸುತ್ತಾರೆ. ಆದರೆ ಉಳಿಯಿಂದ ಹೂವು ಬಳ್ಳಿ ಕೆತ್ತುವುದು, ಬೆಳ್ಳಿಯ ಎಳೆ ಕೂರಿಸುವುದು ಕೈಯಿಂದಲೇ. ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವುದಕ್ಕೂ ಬಲ್ಲವರ ಕೈಯೇ ಬೇಕು. ಉಜ್ಜುವ ಕೆಲಸ ಯಂತ್ರಕ್ಕೆ ಹೋದದ್ದರಿಂದ ಬಿದ್ರಿ ಸಾಯಲಿಲ್ಲ. ಆ ಕಲೆಯ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಯಾವುದು ಉಜ್ಜುವ ಕೆಲಸ, ಯಾವುದು ಕೆತ್ತುವ ಕೆಲಸ ಎಂದು ನಮ್ಮ ಊರಿನ ಕುಶಲಕರ್ಮಿಗೆ ಗೊತ್ತಿದೆ. ನಮ್ಮ ಶಿಕ್ಷಣದವರಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಹಾಗೆಂದು ಎಲ್ಲವನ್ನೂ ಸ್ಕ್ರಿಪ್ಟಿಗೆ ಒಪ್ಪಿಸಿ ಕೈಕಟ್ಟಿ ಕೂರಿ ಎಂದು ನಾನು ಹೇಳುತ್ತಿಲ್ಲ. ಕೈಯಿಂದ ಮಾಡಿದ ತಪ್ಪು ಒಂದು ಯಂತ್ರದಲ್ಲಿ ಉಳಿಯುತ್ತದೆ, ಬರೆದಿಟ್ಟ ತಪ್ಪು ಅರ್ಧ ನಿಮಿಷದಲ್ಲಿ ಹತ್ತೂ ಯಂತ್ರಗಳಿಗೆ ಹರಡುತ್ತದೆ. ಆದ್ದರಿಂದ ಮೊದಲು ಒಂದೇ ಯಂತ್ರದಲ್ಲಿ ಒಂದು ದಿನ ನೋಡಬೇಕು. ತಿದ್ದುವ ಮುಂಚೆ ಹಳೆಯ ಸೆಟ್ಟಿಂಗು ಏನಿತ್ತೆಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿರಬೇಕು. ಅರ್ಥವಾಗದ ಒಂದು ಸಾಲನ್ನೂ ಬೇರೆಯವರಿಂದ ತಂದು ಸೇರಿಸಬಾರದು. ಪಾಸ್‌ವರ್ಡನ್ನು ಫೈಲಿನೊಳಗೆ ಬರೆಯಲೇಬಾರದು. ಮುಖ್ಯೋಪಾಧ್ಯಾಯರಿಗೆ ಹೇಳಿಯೇ ಮಾಡಬೇಕು. ಇನ್ನೂ ಒಂದು ಮಾತು: ಕೆಟ್ಟದ್ದನ್ನು ಮುಚ್ಚಿಡಲು ಸ್ಕ್ರಿಪ್ಟು ಬರೆಯಬಾರದು. ನಮ್ಮ ಎರಡು ಯಂತ್ರಗಳಲ್ಲಿ ಗಡಿಯಾರವೇ ಪ್ರತಿ ಸಲ ಹಳೆಯ ವರ್ಷಕ್ಕೆ ಓಡುತ್ತಿತ್ತು. ಒಳಗಿನ ಗುಂಡಿಯಂಥ ಸೆಲ್ಲು ಸತ್ತಿತ್ತು. 2032 ಎಂಬ ಸಂಖ್ಯೆಯ ಆ ಸೆಲ್ಲು ಕೈಗಡಿಯಾರದ ಅಂಗಡಿಯಲ್ಲೇ ಸಿಗುತ್ತದೆ. ತಂದು ಹಾಕಿಸಿದೆವು, ಸರಿಹೋಯಿತು. ಅದಕ್ಕೆ ಫೈಲು ಬರೆದಿದ್ದರೆ ಹುಳುಕು ಹಲ್ಲಿಗೆ ಸುಣ್ಣ ಬಳಿದಂತೆ ಆಗುತ್ತಿತ್ತು.

ಈ ನೆಲದ ಇತಿಹಾಸವನ್ನೂ ಸ್ವಲ್ಪ ನೆನೆಯಬೇಕು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಬೀದರ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಕನ್ನಡಕ್ಕೆ ಯಾರ ಅಡ್ಡಿಯೂ ಇಲ್ಲ. ಯಂತ್ರದೊಳಗೂ ಅದು ಇದೆ. 1991ರ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಮಾಡಿಕೊಟ್ಟರು, ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ ಕೊಟ್ಟರು, ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಗಟ್ಟಿ ದನಿ ಎತ್ತಿದರು. ಇಷ್ಟು ಜನ ಇಷ್ಟು ಮಾಡಿಟ್ಟ ಮೇಲೂ ನಾವು ಪ್ರತಿ ಪೀರಿಯಡ್ಡಿಗೆ ಕನ್ನಡವನ್ನು ಇಂಗ್ಲಿಷ್ ಮೆನುಗಳ ಒಳಗಿನಿಂದ ಹೊಸದಾಗಿ ಬೇಡಿ ತರುತ್ತಿದ್ದೇವೆ. ಅಂದು ಇದ್ದದ್ದು ಆಳುವವರ ಅಡ್ಡಿ. ಇಂದಿನದು ನಮ್ಮದೇ ಉದಾಸೀನ.

ಕಡೆಯದಾಗಿ ನೌಕರಿಯ ಮಾತು. 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ಬಂತು, ನಮ್ಮ ಭಾಗದ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರೂ ಕಲ್ಯಾಣ ಕರ್ನಾಟಕ ಎಂದಾಯಿತು. ಕುರ್ಚಿ ಸಿಕ್ಕಿತು, ಸಂತೋಷ. ಆ ಕುರ್ಚಿಯಲ್ಲಿ ಕೂತು ನಮ್ಮ ಹುಡುಗಿ ಏನು ಮಾಡಬೇಕು? ಮತ್ತೊಬ್ಬರು ಹೇಳಿದ ಗುಂಡಿಯನ್ನು ದಿನಕ್ಕೆ ಐನೂರು ಸಲ ಒತ್ತುವ ಆಪರೇಟರ್ ಆಗಬೇಕೆ, ಇಲ್ಲ, ಆ ಐನೂರು ಒತ್ತುವಿಕೆಯನ್ನು ಎಂಟು ಸಾಲಿನಲ್ಲಿ ಬರೆದಿಟ್ಟು ತಲೆ ಎತ್ತಿ ಕೂರುವವಳಾಗಬೇಕೆ? ಯಂತ್ರಗಳು ಒತ್ತುವ ಕೆಲಸವನ್ನು ದಿನೇ ದಿನೇ ತಾವೇ ಮಾಡಿಕೊಳ್ಳುತ್ತಿರುವ ಈ ಕಾಲದಲ್ಲಿ ಒತ್ತುವುದನ್ನಷ್ಟೇ ಕಲಿತವರ ಕುರ್ಚಿ ಎಷ್ಟು ದಿನ ಉಳಿದೀತು? ನಮ್ಮ ಆ ಇಬ್ಬರು ಹುಡುಗಿಯರು ಈಗ ಯಾವ ಕೆಲಸ ಕೊಟ್ಟರೂ ಮೊದಲು ಕೇಳುವುದು, “ಮೇಡಂ, ಇದು ದಿನಾ ಹಿಂಗೇ ಮಾಡೋದೇನ್ರಿ?” ಎಂದು. ಈ ಪ್ರಶ್ನೆ ಯಾವ ಪಠ್ಯಪುಸ್ತಕದ ಅಭ್ಯಾಸದಲ್ಲೂ ನನಗೆ ಕಂಡಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಶಾಲೆಗೆ ಯಂತ್ರ ಒದಗಿಸುವವರು ಕನ್ನಡ ಕೀಲಿಮಣೆ, ನಮ್ಮ ರೀತಿಯ ದಿನಾಂಕ ಎರಡನ್ನೂ ಕೂರಿಸಿದ ಮೇಲೆಯೇ ಬೀಗ ಹಾಕಲಿ; ಬೀಗದ ಕೈ ಮುಖ್ಯೋಪಾಧ್ಯಾಯರ ಬೀರುವಿನಲ್ಲಿರಲಿ. ಶಿಕ್ಷಕರ ಕಂಪ್ಯೂಟರ್ ತರಬೇತಿಯಲ್ಲಿ ಚಹಾ, ಉದ್ಘಾಟನೆ, ವಂದನಾರ್ಪಣೆಗಳ ನಡುವೆ ಒಂದು ತಾಸು ನೋಟ್‌ಪ್ಯಾಡಿಗೂ ಸಿಗಲಿ. ಒಂಬತ್ತನೆಯ ತರಗತಿಯ ಪ್ರತಿ ಮಗುವೂ ವರ್ಷದಲ್ಲಿ ಒಂದಾದರೂ ಇಂಥ ಸಣ್ಣ ಫೈಲನ್ನು ತಾನೇ ಬರೆದು, ಕನ್ನಡದಲ್ಲಿ ವಿವರಣೆ ಸೇರಿಸಿ, ತರಗತಿಯ ಮುಂದೆ ಓದಿ ತೋರಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ, ಬೆಂಗಳೂರಿನಿಂದ ತಜ್ಞರೂ ಬರಬೇಕಿಲ್ಲ. ಸಾಹೇಬರು ತೆಗೆದುಬಿಡಿ ಎಂದ ಫೈಲು ಡಿ ಡ್ರೈವಿನಲ್ಲಿ ಇನ್ನೂ ಇದೆ. ನಾನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಲಿಖಿತ ಆದೇಶ ಬಂದರೆ ಉತ್ತರ ಬರೆಯುತ್ತೇನೆ, ಅದೇ ಯಂತ್ರದಲ್ಲಿ, ಕನ್ನಡದಲ್ಲಿ, ದಿನ ಮೊದಲು ತಿಂಗಳು ಆಮೇಲೆ ಹಾಕಿ.